ಹನುಮಂತಮ್ಮನ ಫೋನು ಸತ್ತಿರಲಿಲ್ಲ

ಬೆಳಗಿನ ಐದೂಕಾಲು. ತುಮಕೂರಿನ ಶೆಟ್ಟಿಹಳ್ಳಿಯ ಹಾಲಿನ ಬೂತಿನ ಮುಂದೆ ಕ್ರೇಟುಗಳು ಇಳಿಯುತ್ತಿವೆ. ಎದುರಿನ ಮೊಬೈಲ್ ರಿಪೇರಿ ಅಂಗಡಿಯ ಶಟರ್ ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ, ಕೌಂಟರಿನ ಹಿಂದಿನ ಪ್ಲೈವುಡ್ ಗೋಡೆಯಾಚೆ, ಪ್ರೇಮಲತಾ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತಿದ್ದಾರೆ. ಬಲಗೈಯಲ್ಲಿ ಬಿಸಿಗಾಳಿ ಊದುವ ಗನ್ನು, ಎಡಗೈಯಲ್ಲಿ ಚಿಮಟ. ಕೆಳಗೆ ಬೆರಳುದ್ದದ ಹಸಿರು ಬೋರ್ಡು, ಅದರ ಮೇಲೆ ಸಾಸಿವೆಗಿಂತ ಸಣ್ಣದೊಂದು ಬಿಡಿಭಾಗ. ದೂರದಲ್ಲಿ ರೈಲಿನ ಸದ್ದು. ಅವರು ಎರಡೂ ಕೈ ಎತ್ತಿ ಉಸಿರು ಬಿಗಿಹಿಡಿಯುತ್ತಾರೆ. ಮೇಜು ಸಣ್ಣಗೆ ನಡುಗಿ ಸುಮ್ಮನಾಗುತ್ತದೆ. ಆಮೇಲೆ ಕೈ ಮತ್ತೆ ಇಳಿಯುತ್ತದೆ.

“ಏಳು ಗಂಟೆ ಆದ್ಮೇಲೆ ಆಟೋ, ಟ್ರ್ಯಾಕ್ಟರ್, ಸ್ಕೂಲ್ ವ್ಯಾನು ಎಲ್ಲ ಶುರುವಾಯ್ತದೆ. ಟೇಬಲ್ ಅದುರೋದು ನಮ್ಗೆ ಗೊತ್ತಾಗಲ್ಲ. ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಭೂಕಂಪ ಆದಂಗಿರ್ತದೆ,” ಎನ್ನುತ್ತಾರೆ ಕಣ್ಣೆತ್ತದೆ. “ಅದಕ್ಕೇ ನಾಜೂಕಿನ ಕೆಲ್ಸ ಎಲ್ಲ ಈ ಹೊತ್ತಲ್ಲೇ.”

ಪ್ರೇಮಲತಾ ಅವರಿಗೆ ಮೂವತ್ತೊಂಬತ್ತು. ಊರು ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಬಳಿ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಆರು ವರ್ಷ ಬೋರ್ಡುಗಳಿಗೆ ಬೆಸುಗೆ ಹಾಕಿದವರು. ಮದುವೆಯಾದ ಮೇಲೆ ಗಂಡ ನಾಗೇಶ್ ಜೊತೆ ಈ ಅಂಗಡಿ ತೆರೆದು ಹನ್ನೊಂದು ವರ್ಷವಾಗಿದೆ. ನಾಗೇಶ್ ಕೌಂಟರಿನಲ್ಲಿ ಕೂರುತ್ತಾರೆ, ಗಾಜು ಬದಲಿಸುತ್ತಾರೆ, ಬ್ಯಾಟರಿ ಹಾಕುತ್ತಾರೆ. ಬೋರ್ಡಿನ ಕೆಲಸವೆಲ್ಲ ಪ್ರೇಮಲತಾ ಅವರದು. ಆದರೆ ಬೀದಿಯಲ್ಲಿ ಯಾರನ್ನು ಕೇಳಿದರೂ ಸಿಗುವ ಮಾತು ಒಂದೇ, ನಾಗೇಶಣ್ಣನ ಕೈಗುಣ ಚೆನ್ನಾಗಿದೆ. ಮೊದಮೊದಲು ಪ್ರೇಮಲತಾ ಕೂಡ ಕೌಂಟರಿಗೆ ಬರುತ್ತಿದ್ದರು. ಒಬ್ಬ ಗಿರಾಕಿ ಫೋನನ್ನು ಜೇಬಿನಿಂದ ಅರ್ಧ ತೆಗೆದು, “ಯಜಮಾನ್ರು ಬರ್ಲಿ ಬುಡಮ್ಮ, ಕಾಯ್ತೀನಿ” ಎಂದು ಮತ್ತೆ ಒಳಗಿಟ್ಟುಕೊಂಡ. ಆಮೇಲೆ ಅವರೇ ಪ್ಲೈವುಡ್ ಹೊಡೆಸಿದರು.

ದಿನಕ್ಕೆ ಹತ್ತು ಹನ್ನೆರಡು ಬೋರ್ಡುಗಳು ಬರುತ್ತವೆ. ಗುಬ್ಬಿ, ಕುಣಿಗಲ್ ಕಡೆಯ ಸಣ್ಣ ಅಂಗಡಿಯವರು ತಮ್ಮ ಕೈಲಾಗದ್ದನ್ನು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಾರೆ. ಹತ್ತರಲ್ಲಿ ಆರು ಬದುಕುತ್ತವೆ. ಗನ್ನಿನ ಗಾಳಿ ಮುನ್ನೂರೈವತ್ತು ಡಿಗ್ರಿ. ಇಪ್ಪತ್ತು ಡಿಗ್ರಿ ಹೆಚ್ಚಾದರೆ ಪ್ರೊಸೆಸರ್ ಹೋಯಿತು. ಬೆಸುಗೆಯ ಹೊಗೆಗೆ ಅವರಿಗೆ ಒಣಕೆಮ್ಮು ಅಂಟಿಕೊಂಡಿದೆ. ಸಂಜೆಯಾದರೆ ಎರಡು ಅಡಿ ಆಚೆಗಿನದೆಲ್ಲ ಮಂಜು.

ಅಂಗಡಿಯಲ್ಲೊಂದು ಪದ್ಧತಿಯಿದೆ, ಎಲ್ಲ ರಿಪೇರಿ ಅಂಗಡಿಗಳಲ್ಲೂ ಇರುವಂಥದ್ದು. ಫೋನು ಪಡೆಯುವಾಗ ನಾಗೇಶ್ ಸಣ್ಣ ಚೀಟಿಯ ಮೇಲೆ ಒಂಬತ್ತು ಚುಕ್ಕಿ ಇಡುತ್ತಾರೆ. ಗಿರಾಕಿ ಆ ಚುಕ್ಕಿಗಳ ಮೇಲೆ ಗೆರೆ ಎಳೆದು ಲಾಕ್ ತೆಗೆಯುವ ತನ್ನ ಪ್ಯಾಟರ್ನ್ ತೋರಿಸಬೇಕು. ಹೆಂಡತಿಗೂ ತೋರಿಸದ ಗೆರೆಯನ್ನು ಜನ ಇಲ್ಲಿ ಬಾಲ್‌ಪೆನ್ನಿನಲ್ಲಿ ಎಳೆದು, ಟೇಪಿನಲ್ಲಿ ಫೋನಿನ ಬೆನ್ನಿಗೆ ಅಂಟಿಸಿ ಹೋಗುತ್ತಾರೆ. “ಅರ್ಧ ತುಮಕೂರಿಂದು ಇಂಗ್ಲಿಷಿನ ಎಲ್ ಆಕಾರ,” ಎನ್ನುತ್ತಾರೆ ಪ್ರೇಮಲತಾ. “ಕಳ್ಳಂಗೂ ಬೇಜಾರಾಗ್ಬೇಕು.” ಫೋನು ಚಾಲೂ ಆದಾಗ ಅವರು ಕರೆ, ಕ್ಯಾಮೆರಾ, ಸ್ಪೀಕರ್ ಮಾತ್ರ ನೋಡುತ್ತಾರೆ. ಗ್ಯಾಲರಿ ತೆರೆಯುವುದಿಲ್ಲ. ಫೋನು ವಾಪಸು ಕೊಡುವ ಮೊದಲು ಚೀಟಿ ಹರಿದುಹಾಕುತ್ತಾರೆ.

ತೆರೆಯಬಾರದ ಫೋನುಗಳೂ ಬರುತ್ತವೆ. ಕಳೆದ ವಾರ ಸದಾಶಿವನಗರದಿಂದ ಬಂದ ನಡುವಯಸ್ಸಿನವರೊಬ್ಬರು ಲಾಕ್ ತೆಗೆಸಬೇಕೆಂದರು.

“ಯಾರ್ದು ಸಾರ್ ಫೋನು?” ಎಂದು ನಾಗೇಶ್ ಕೇಳಿದರು.

“ನಮ್ಮನೆಯವ್ರದು.”

“ಅವ್ರನ್ನೇ ಕರ್ಕಂಡ್ ಬನ್ನಿ. ಬೆರಳಿಟ್ರೆ ತಗೀತದೆ, ಒಂದ್ರೂಪಾಯಿ ಖರ್ಚಿಲ್ಲ.”

“ಅವಳು ಬೆರಳಿಡೋ ಹಂಗಿದ್ರೆ ನಿನ್ ಹತ್ರ ಯಾಕಯ್ಯ ಬರ್ತಿದ್ದೆ?”

ಪ್ಲೈವುಡ್ಡಿನ ಆಚೆ ಪ್ರೇಮಲತಾ ಸೆರಗು ಬಾಯಿಗೊತ್ತಿ ನಕ್ಕರು. ಆದರೆ ಅವರು ಹೇಳುವಂತೆ, ಆ ಮನುಷ್ಯನಿಗೆ ಸಹಾಯ ಮಾಡಬೇಕೆಂದರೂ ಈಗಿನ ಫೋನು ಬಿಡುವುದಿಲ್ಲ. ಪ್ರೊಸೆಸರಿನ ಒಳಗೇ ಒಂದು ಪ್ರತ್ಯೇಕ ಕೋಣೆಯಿರುತ್ತದೆ, ಫೋನಿನ ಉಳಿದ ಭಾಗಕ್ಕೂ ಅದರೊಳಗೆ ಇಣುಕಲಾಗದಂಥದ್ದು. ಕಾರ್ಖಾನೆಯಲ್ಲಿ ಹುಟ್ಟುವಾಗಲೇ ಪ್ರತಿ ಪ್ರೊಸೆಸರಿಗೂ ಒಂದೊಂದು ಗುಟ್ಟಿನ ಸಂಖ್ಯೆ ಬಿದ್ದಿರುತ್ತದೆ. ತಯಾರಿಸಿದವರೂ ಅದನ್ನು ಓದಲಾರರು. ಆ ಸಂಖ್ಯೆ ಮತ್ತು ಗಿರಾಕಿಯ ಗೆರೆ ಎರಡೂ ಸೇರಿದರೆ ಮಾತ್ರ ಬೀಗದಕೈ ಸಿದ್ಧವಾಗುತ್ತದೆ. ಫೋಟೋ, ಸಂದೇಶ, ಎಲ್ಲವೂ ಆ ಬೀಗದ ಹಿಂದೆ. ಮೆಮೊರಿ ಚಿಪ್ಪನ್ನು ಕಿತ್ತು ಬೇರೆ ಯಂತ್ರಕ್ಕೆ ಹಾಕಿ ಓದಿದರೆ ಸಿಗುವುದು ಬರೀ ಕಸ. ಫೋನನ್ನು ಅಳಿಸಿ ಹೊಸದಾಗಿ ಸಾಫ್ಟ್‌ವೇರ್ ಹಾಕಿದರೆ, ಮೊದಲು ಇಲ್ಲವಾಗುವುದು ಆ ಬೀಗದಕೈ. ಹಳೆಯದೆಲ್ಲ ಆಮೇಲೂ ಚಿಪ್ಪಿನಲ್ಲಿ ಒಂದಷ್ಟು ಕಾಲ ಬಿದ್ದೇ ಇರಬಹುದು. ಅದನ್ನು ಓದುವ ದಾರಿ ಮಾತ್ರ ಯಾರಿಗೂ ಇಲ್ಲ.

“ಹತ್ತು ವರ್ಷದ ಹಿಂದೆ ಹಿಂಗಿರ್ಲಿಲ್ಲ. ಅಳಿಸಿ ಹೋಗಿದ್ರೂ ಚಿಪ್ ಓದಿ ಫೋಟೋ ತಗ್ದು ಕೊಡ್ತಿದ್ದೆ. ಈಗ ಕಳ್ಳ ಬಂದ್ರೂ ಒಂದೇ, ನಾನು ಕೂತ್ರೂ ಒಂದೇ. ಆ ಬೀಗಕ್ಕೆ ಯಾರು ಯಾರಂತ ಗೊತ್ತಾಗಲ್ಲ,” ಎನ್ನುತ್ತಾರೆ. ಚಿಮಟ ಕೆಳಗಿಟ್ಟು, “ನನ್ ಕೈಗುಣದ ಬಗ್ಗೆ ಏನೂ ಬರೀಬೇಡಿ. ಹನುಮಂತಮ್ಮನ ಫೋನಿಂದು ಬೇಕಾದ್ರೆ ಬರೀರಿ” ಎನ್ನುತ್ತಾರೆ.

ಕಳೆದ ವರ್ಷ ಆಯುಧಪೂಜೆಯ ಹಿಂದಿನ ದಿನ. ಅಂಗಡಿ ತೊಳೆಯಬೇಕು, ಸಾಮಾನು ಒರೆಸಬೇಕು, ಮೇಜಿನ ಮೇಲೆ ಇಪ್ಪತ್ಮೂರು ಫೋನುಗಳಿವೆ. ಹನ್ನೊಂದು ಗಂಟೆಗೆ ಕೌಂಟರಿಗೆ ಐವತ್ನಾಲ್ಕರ ಹೆಂಗಸೊಬ್ಬರು ಬಂದರು. ಗುಬ್ಬಿಯ ಹನುಮಂತಮ್ಮ. ದಿನಾ ಮೊದಲ ಬಸ್ಸಿಗೆ ತುಮಕೂರಿಗೆ ಬಂದು, ನಗರದ ಒಂದು ಖಾಸಗಿ ಕಟ್ಟಡದಲ್ಲಿ ನೆಲ ಒರೆಸುವವರು.

“ಅಣ್ಣ, ಫಿನಾಯಿಲ್ ಬಕೀಟಿಗೆ ಬಿದ್ದೋಯ್ತು. ಆನ್ ಮಾಡಿದ್ರೆ ಕಂಪ್ನಿ ಹೆಸ್ರು ತೋರ್ಸಿ ಹಂಗೇ ನಿಂತ್ಕತದೆ. ಫೋನು ಹೋದ್ರೆ ಹೋಗ್ಲಿ. ಒಳಗಿರೋ ಫೋಟೋ ಬೇಕು ಕಣಣ್ಣ.”

ಮಗಳ ಮದುವೆಯ ಫೋಟೋ ಇರಬೇಕೆಂದು ನಾಗೇಶ್ ಅಂದುಕೊಂಡರು. ಚೀಟಿಗೆ ಚುಕ್ಕಿಯಿಟ್ಟು, ಗೆರೆ ಎಳೆಸಿ, ಕೆಳಗೆ ‘ಫೋಟೋ ಬೇಕು’ ಎಂದು ಬರೆದು ಒಳಗೆ ದಾಟಿಸಿದರು. ಪ್ರೇಮಲತಾ ಚೀಟಿ ಓದಲಿಲ್ಲ. ಆದರೆ ಓದದೆ ಹೋದದ್ದನ್ನು ಅವರು ನೆಪ ಮಾಡುವುದಿಲ್ಲ.

“ನಂಗೆ ಕೇಳಿಸಿತ್ತು. ಪ್ಲೈವುಡ್ ಎಷ್ಟು ದಪ್ಪ ಇರ್ತದೆ? ‘ಫೋಟೋ ಬೇಕು’ ಅಂದಿದ್ದು ಕಿವಿಗೆ ಬಿದ್ದಿತ್ತು.”

ಕಂಪನಿ ಹೆಸರು ತೋರಿಸಿ ನಿಲ್ಲುವ ಫೋನಿಗೆ ಈ ಕಸುಬಿನವರ ಕೈ ತಾನಾಗಿ ಮಾಡುವ ಕೆಲಸವೊಂದಿದೆ. ಕೇಬಲ್ ಚುಚ್ಚಿ, ಕಂಪ್ಯೂಟರಿನಿಂದ ಹೊಸ ಸಾಫ್ಟ್‌ವೇರ್ ಹಾಕಿಬಿಡುವುದು. ಹತ್ತರಲ್ಲಿ ಏಳು ಸಲ ಸರಿಹೋಗುತ್ತದೆ. ಒಳಗಿನದು ಬೇಕೆಂದವರ ಫೋನಿಗೆ ಮಾತ್ರ ಹಾಗೆ ಮಾಡುವಂತಿಲ್ಲ. ಮೊದಲು ಬಿಚ್ಚಿ ನೋಡಬೇಕು. ಇದು ಪ್ರೇಮಲತಾ ಅವರಿಗೆ ಗೊತ್ತಿಲ್ಲದ್ದಲ್ಲ. ಗುಬ್ಬಿಯ ಅಂಗಡಿಯವರಿಗೆ ಫೋನಿನಲ್ಲಿ ಬೈದು ಹೇಳಿಕೊಟ್ಟವರೇ ಅವರು. ಆ ದಿನ ಕೇಬಲ್ ಚುಚ್ಚಿ ಗುಂಡಿ ಒತ್ತಿ, ಇನ್ನೊಂದು ಫೋನಿನ ಕಡೆ ತಿರುಗಿಕೊಂಡರು. ನಾಲ್ಕು ನಿಮಿಷದಲ್ಲಿ ತೆರೆಯ ಮೇಲೆ ಹಸಿರು ಅಕ್ಷರದಲ್ಲಿ ಬಂತು, ಬಳಕೆದಾರರ ಮಾಹಿತಿ ಅಳಿಸಲಾಗಿದೆ, ಓಕೆ.

ಫೋನು ಮತ್ತೆ ಕಂಪನಿ ಹೆಸರು ತೋರಿಸಿ ನಿಂತಿತು.

ಆಗ ಬಿಚ್ಚಿದರು. ಬದಿಯಲ್ಲಿ ಸದ್ದು ಕಡಿಮೆ ಮಾಡುವ ಗುಂಡಿಯ ಕೆಳಗೆ ಫಿನಾಯಿಲ್ ಒಣಗಿ ಅಂಟಾಗಿತ್ತು. ಗುಂಡಿ ಒತ್ತಿದ ಹಾಗೇ ಸಿಕ್ಕಿಕೊಂಡಿತ್ತು, ಫೋನು ಮುಂದೆ ಹೋಗದೆ ಕಾಯುತ್ತಿತ್ತು, ಅಷ್ಟೆ. ಸ್ಪಿರಿಟ್ಟಿನಲ್ಲಿ ಅದ್ದಿದ ಬ್ರಷ್ಷಿನಿಂದ ಎರಡು ಸಲ ಒರೆಸಿದರು. ಫೋನು ತೆರೆದುಕೊಂಡಿತು. ಹೊಸ ಫೋನಿನ ಹಾಗೆ, ಭಾಷೆ ಆರಿಸಿಕೊಳ್ಳಿ ಎಂದಿತು.

“ಹತ್ತು ನಿಮಿಷದ ಕೆಲ್ಸ. ಡೆಡ್ ಆಗಿರ್ಲಿಲ್ಲ ಅದು, ಅದಕ್ಕೇನೂ ಆಗಿರ್ಲಿಲ್ಲ. ಮೊದ್ಲು ಬ್ರಷ್ ಹಿಡ್ದಿದ್ರೆ ಆ ಅಮ್ಮ ಗೆರೆ ಎಳ್ದು ಫೋಟೋ ನೋಡ್ಕತಿದ್ರು. ನಾನೇ ಸಾಯ್ಸಿದ್ದು.”

ಸಂಜೆ ಹನುಮಂತಮ್ಮ ಬರುವ ಹೊತ್ತಿಗೆ ಪ್ರೇಮಲತಾ ಗಂಡನಿಗೆ ಹೇಳಿಕೊಡಬೇಕಾದ್ದನ್ನು ಹೇಳಿಕೊಟ್ಟಿದ್ದರು. ನಾಗೇಶ್ ಅದನ್ನೇ ಕೌಂಟರಿನಲ್ಲಿ ಒಪ್ಪಿಸಿದರು. “ಬೋರ್ಡಿಗೆ ನೀರು ಹೋಗಿತ್ತಮ್ಮ. ಫೋಟೋ ಎಲ್ಲ ಬಿದ್ದಾಗ್ಲೇ ಹೋಗ್ಬಿಟ್ಟಿದ್ವು. ಫೋನು ಉಳಿದಿದ್ದೇ ಹೆಚ್ಚು.”

ಪ್ಲೈವುಡ್ಡಿನ ಹಿಂದೆ ಪ್ರೇಮಲತಾ ಗನ್ನು ಆರಿಸಿ ಕಾದರು. ಅಳು ಕೇಳಿದ್ದರೆ ಹೊರಗೆ ಬರುತ್ತಿದ್ದೆನೇನೋ ಎನ್ನುತ್ತಾರೆ. ಅಳು ಕೇಳಲಿಲ್ಲ.

“ನನ್ ಕೈಯಾರೆ ನಾನೇ ಹಾಳ್ ಮಾಡ್ಕಂಡೆ ಬುಡಪ್ಪ. ನೀನೇನ್ ಮಾಡ್ತೀಯ,” ಎಂದರು ಹನುಮಂತಮ್ಮ. ಚೀಲದಿಂದ ಒಂದು ಮೊಳ ಸೇವಂತಿಗೆ ತೆಗೆದು ಕೌಂಟರಿನ ಮೇಲಿಟ್ಟರು. “ನಾಳೆ ನಿಮ್ ಸಾಮಾನಿಗೆ ಇಕ್ಕಿ.”

ಮರುದಿನ ನಾಗೇಶ್ ಆ ಹೂವನ್ನು ಮೈಕ್ರೋಸ್ಕೋಪಿಗೆ ಸುತ್ತಿದರು. ಪ್ರೇಮಲತಾ ಬೇಡವೆನ್ನಲಿಲ್ಲ. ಬೇಡವೆಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಗಂಡನಿಗೂ ಅವರು ಹೇಳಿದ್ದು ಅದೇ ಸುಳ್ಳು.

ಆ ಫೋಟೋಗಳು ಮದುವೆಯದಲ್ಲ ಎಂದು ಗೊತ್ತಾಗಿದ್ದು ಈ ವರ್ಷ ಮಾರ್ಚಿನಲ್ಲಿ. ಚಾರ್ಜ್ ನಿಲ್ಲುತ್ತಿಲ್ಲವೆಂದು ಹನುಮಂತಮ್ಮ ಮತ್ತೆ ಬಂದಿದ್ದರು. ಫೋನು ಪ್ಲಾಸ್ಟಿಕ್ ಕವರಿನಲ್ಲಿ, ಕವರು ಕೊರಳಿನ ದಾರದಲ್ಲಿ. ಜೊತೆಗೆ ಕೆಲಸ ಮಾಡುವ ಕೊಲ್ಲಾಪುರಮ್ಮನೂ ಇದ್ದರು.

“ಏನಮ್ಮ, ಫೋನನ್ನ ತಾಯ್ತ ಕಟ್ಕಂಡಂಗೆ ಕಟ್ಕಂಡಿದ್ದೀರ?” ಎಂದು ನಾಗೇಶ್ ನಕ್ಕರು.

ಉತ್ತರ ಕೊಟ್ಟದ್ದು ಕೊಲ್ಲಾಪುರಮ್ಮ. “ಕಟ್ಕಳ್ದೆ ಇನ್ನೇನಣ್ಣ? ಐದು ಜನದ ಅನ್ನ ಬಕೀಟಲ್ಲಿ ಅದ್ದಿ ತಗದವ್ಳೆ.”

ಆಗ ಕಥೆ ಬಂತು. ಕಟ್ಟಡದಲ್ಲಿ ಐವರು ಹೆಂಗಸರು ಎಂಟು, ಒಂಬತ್ತು ವರ್ಷಗಳಿಂದ ದುಡಿಯುತ್ತಿದ್ದಾರೆ. ಗುತ್ತಿಗೆದಾರ ವರ್ಷಕ್ಕೊಮ್ಮೆ ಹಾಜರಿ ಪುಸ್ತಕ ಬದಲಿಸಿ, ಹಿಂದಿನ ವರ್ಷಗಳ ದುಡಿಮೆ ಲೆಕ್ಕಕ್ಕೆ ಸಿಗದಂತೆ ಎಲ್ಲರನ್ನೂ ಹೊಸಬರೆಂದು ಬರೆಸುತ್ತಾನೆ. ಅದನ್ನು ಮೊದಲು ಕಂಡುಹಿಡಿದವರು ಹನುಮಂತಮ್ಮ. ಮಗಳು ಪೂಜಾ ಕ್ಯಾಮೆರಾ ಒತ್ತುವುದನ್ನು ಹೇಳಿಕೊಟ್ಟಳು. ಅಂದಿನಿಂದ ಎರಡೂವರೆ ವರ್ಷ, ದಿನಾ ಬೆಳಿಗ್ಗೆ ಸಹಿ ಹಾಕಿದ ಕೂಡಲೇ, ಸೂಪರ್‌ವೈಸರ್ ಟೀಗೆ ಹೋದ ಸಂದಿಯಲ್ಲಿ, ಪುಟದ ಫೋಟೋ. ಏಳುನೂರಕ್ಕೆ ಹತ್ತಿರ. ಯಾರಿಗಾದರೂ ಕಳಿಸಿದರೆ ಸುದ್ದಿ ಸೂಪರ್‌ವೈಸರಿಗೆ ಮುಟ್ಟೀತೆಂದು ಫೋನಿನಲ್ಲೇ ಇಟ್ಟುಕೊಂಡಿದ್ದರು. ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿ, ದೀಪಾವಳಿ ಕಳೆದು ವಿಚಾರಣೆ ಎಂದಾಗ ಫೋನು ಬಕೀಟಿಗೆ ಬಿತ್ತು. ವಿಚಾರಣೆಯಲ್ಲಿ ಗುತ್ತಿಗೆದಾರನ ಕಡೆಯವರು ಫೋಟೋ ಇತ್ತು ಅನ್ನುವುದೇ ಸುಳ್ಳು ಎಂದರು. ದಾಖಲೆ ತನ್ನಿ ಎಂದು ದಿನ ಮುಂದೆ ಹೋಯಿತು. ಆಮೇಲೆ ಮತ್ತೆ ಮುಂದೆ ಹೋಯಿತು.

“ಇವ್ಳ ಕೈಗೆ ಈ ಕೆಲ್ಸ ಕೊಟ್ವಲ್ಲ, ನಮಗ್ ಬುದ್ಧಿ ಇಲ್ಲ,” ಎಂದರು ಕೊಲ್ಲಾಪುರಮ್ಮ, ನಗುತ್ತಲೇ. ಹನುಮಂತಮ್ಮನೂ ನಕ್ಕರು. ಆ ನಗುವಿನ ಸದ್ದನ್ನು ಪ್ಲೈವುಡ್ಡಿನ ಹಿಂದೆ ಕೂತಿದ್ದ ಪ್ರೇಮಲತಾ ಅವರಿಗೆ ತಾಳಲಾಗಲಿಲ್ಲ. ಆದರೂ ಅವರು ಎದ್ದು ಬರಲಿಲ್ಲ. ಚಾರ್ಜಿಂಗ್ ಜಾಗ ಸರಿಮಾಡಿ, ದುಡ್ಡು ಬೇಡವೆಂದು ಗಂಡನಿಗೆ ಸನ್ನೆ ಮಾಡಿದರು.

ಅವರ ಕಂಪ್ಯೂಟರಿನಲ್ಲಿ ಅಳಿಸಿದ ಪ್ರತಿ ಫೋನಿನ ವಿವರವೂ ತಾನಾಗಿ ಉಳಿಯುತ್ತದೆ: ದಿನಾಂಕ, ಗಂಟೆ, ಫೋನಿನ ಹದಿನೈದು ಅಂಕಿಯ ಸಂಖ್ಯೆ. ಆ ದಿನದ ಕಡತವನ್ನು ಪ್ರೇಮಲತಾ ತೆರೆದು ನೋಡುವುದು, ಮುಚ್ಚುವುದು ಮಾಡುತ್ತಿದ್ದರು. ತೆಗೆದುಹಾಕಲು ಒಂದು ಗುಂಡಿ ಸಾಕಾಗಿತ್ತು. “ಎರಡು ಸಲ ಅದ್ರ ಮೇಲೆ ಬೆರಳಿಟ್ಟೆ. ಸುಳ್ಳು ಹೇಳಲ್ಲ. ಎರಡು ಸಲ,” ಎನ್ನುತ್ತಾರೆ.

ಏಪ್ರಿಲಿನ ಒಂದು ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಎಲ್ಲ ಹೇಳಿದರು. ನಾಗೇಶ್ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು.

“ನನ್ ಬಾಯಲ್ಲಿ ಸುಳ್ಳು ಹೇಳಿಸ್ದೆ ಅನ್ನು.”

“ಹೂಂ.”

“ಸರಿ. ಆಗೋಯ್ತು. ಈಗ ಹೋಗಿ ಹೇಳಿದ್ರೆ ಫೋಟೋ ಬಂದಾವೇನೇ?”

“ಬರಲ್ಲ.”

“ಮತ್ತೆ? ಊರೆಲ್ಲ ಸಾರ್ಕಂಡ್ ಬಂದ್ರೆ ನಾಳೆ ಯಾವನು ಫೋನು ಕೊಡ್ತಾನೆ ಕಣೇ ನಮ್ಗೆ?”

“ಕೊಡ್ದಿದ್ರೆ ಬುಡಿ. ಆಯಮ್ಮ ತಾನೇ ಮಾಡ್ದೆ ಅಂದ್ಕಂಡು ಓಡಾಡ್ತಾ ಇದ್ದಾರಲ್ಲ ರೀ. ಮಿಕ್ಕ ನಾಲ್ಕು ಜನದ ಕೈಲಿ ಅನ್ನಿಸ್ಕಂಡು.”

ನಾಗೇಶ್ ತಟ್ಟೆ ಎತ್ತಿಕೊಂಡು ಎದ್ದರು. ಭಾನುವಾರ ಪ್ರೇಮಲತಾ ಒಬ್ಬರೇ ಗುಬ್ಬಿಯ ಬಸ್ಸು ಹತ್ತಿದರು.

ಹನುಮಂತಮ್ಮನ ಮನೆಯ ಜಗಲಿಯ ಮೇಲೆ ಅವರೂ ಕೊಲ್ಲಾಪುರಮ್ಮನೂ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಬಂದವರು ಯಾರೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ಶೆಟ್ಟಿಹಳ್ಳಿಯ ಅಂಗಡಿಯವರು ಎಂದಾಗ, “ಓ, ನಾಗೇಶಣ್ಣನ ಮನೆಯವ್ರಾ, ಕೂತ್ಕಳಿ” ಎಂದು ಚಾಪೆ ಹಾಸಿದರು. ಪ್ರೇಮಲತಾ ಕೂರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಫೋನು ರಿಪೇರಿ ಮಾಡುವುದು ತಾನು, ನಾಗೇಶ್ ಅಲ್ಲ ಎಂದರು. ನೀರಿನಿಂದ ಏನೂ ಹೋಗಿರಲಿಲ್ಲ, ತಾನು ಅಳಿಸಿದ್ದು ಎಂದರು. ನಿಮ್ಮದೇನೂ ತಪ್ಪಿಲ್ಲ ಎಂದರು.

ಹನುಮಂತಮ್ಮ ಹಣ್ಣಿನ ಅಂಟು ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತೇ ಇದ್ದರು. ಕೊಲ್ಲಾಪುರಮ್ಮ ಬಿಡಿಸುತ್ತಿದ್ದ ಹಣ್ಣನ್ನು ಮೊರಕ್ಕೆ ಹಾಕಿದರು. ತಾನು ಆರೇಳು ತಿಂಗಳಿಂದ ಹನುಮಂತಮ್ಮನನ್ನು ಆಡಿಕೊಂಡದ್ದೆಲ್ಲ ಅವರಿಗೆ ನೆನಪಾಗಿರಬೇಕು. ಒಳಗೆ ಕುಕ್ಕರ್ ಕೂಗಿತು, ಯಾರೂ ಏಳಲಿಲ್ಲ.

“ಆವತ್ತೇ ಹೇಳ್ಬಾರ್ದಿತ್ತೇನವ್ವ,” ಎಂದರು ಹನುಮಂತಮ್ಮ ಕೊನೆಗೆ. “ನಾನು ನಿಮ್ಮಂಗ್ಡಿ ಹೊಸ್ಲಲ್ಲೇ ನಿಂತಿದ್ನಲ್ಲ.”

ಪ್ರೇಮಲತಾ ಆಗ ಚಾಪೆಯ ಮೇಲೆ ಕೂತರು.

“ನನ್ ಮಗಳು ನನ್ ಕೈಗೆ ನೀರಿನ ಚೊಂಬು ಕೊಡೋವಾಗ್ಲೂ ಆಡ್ಕತಾಳೆ. ಇವ್ಳು ಆಡ್ಕತಾಳೆ. ನಂಗೂ ಹಂಗೇ ಅನ್ನಿಸ್ಬುಟ್ಟಿತ್ತು, ನನ್ ಕೈಯೇ ಸರಿಯಿಲ್ಲ ಅಂತ.”

ಕೊಲ್ಲಾಪುರಮ್ಮ ಬೀಜದ ಮೊರ ಪಕ್ಕಕ್ಕೆ ಸರಿಸಿದರು. “ಹೂವಾ ಬೇರೆ ಕೊಟ್ಟು ಬಂದ್ಲಂತೆ ಇವ್ಳು. ತಗಂಡ್ರಾ?”

“ತಗಂಡ್ವಿ,” ಎಂದರು ಪ್ರೇಮಲತಾ.

ಕ್ಷಮಿಸಿದೆವೆಂದು ಯಾರೂ ಹೇಳಲಿಲ್ಲ. ಕಾಫಿ ಕೊಟ್ಟರು, ಅವರು ಕುಡಿದರು. ಹೊರಡುವಾಗ ಹನುಮಂತಮ್ಮ ಒಂದೇ ಒಂದು ಕೇಳಿದರು. “ಇಲ್ಲಿ ಹೇಳಿದ್ದನ್ನ ಅಲ್ಲಿ ಬಂದು ಹೇಳ್ತೀಯಾ?”

ಅಲ್ಲಿ ಎಂದರೆ ಕಾರ್ಮಿಕ ಇಲಾಖೆಯ ಕಚೇರಿ. ಪ್ರೇಮಲತಾ ಮರುದಿನವೇ ಕಂಪ್ಯೂಟರಿನ ಆ ಕಡತವನ್ನು ಪ್ರಿಂಟ್ ಮಾಡಿಸಿದರು. ಅದರ ಜೊತೆ ಕೈಯಲ್ಲೇ ಬರೆದ ಒಂದೂವರೆ ಪುಟದ ಹೇಳಿಕೆ ಲಗತ್ತಿಸಿ ಸಹಿ ಹಾಕಿ ಇಲಾಖೆಗೆ ಕೊಟ್ಟಿದ್ದಾರೆ. ಅದರಿಂದ ಬಹಳ ಪ್ರಯೋಜನವಾದೀತೆಂಬ ಭ್ರಮೆ ಅವರಿಗಿಲ್ಲ. “ಆ ಫೋನಲ್ಲಿ ಏನಿತ್ತು ಅಂತ ಈ ಕಾಗದ ಹೇಳಲ್ಲ. ಆವತ್ತು ಅಳಿಸಿದ್ದು ನಾನು, ಆಯಮ್ಮ ಅಲ್ಲ, ಅಷ್ಟೇ ಹೇಳ್ತದೆ. ಫೋಟೋ ಇದ್ವು ಅಂತ ಅವ್ರು ಹೇಳಿದ್ರೆ ಇನ್ಮೇಲೆ ಸುಳ್ಳು ಅನ್ನೋಕೆ ಸ್ವಲ್ಪ ಕಷ್ಟ ಆಗ್ಬಹುದು.” ಐವರಲ್ಲಿ ಇಬ್ಬರು ಇನ್ನೂ ಪ್ರೇಮಲತಾ ಅವರ ಜೊತೆ ಮಾತಾಡುವುದಿಲ್ಲ. ಸುದ್ದಿ ಹರಡಿ, ಗುಬ್ಬಿಯ ಎರಡು ಅಂಗಡಿಯವರು ಬೋರ್ಡು ಕಳಿಸುವುದನ್ನು ನಿಲ್ಲಿಸಿದ್ದಾರೆ. ನಾಗೇಶ್ ವಿಚಾರಣೆಗೆ ಜೊತೆಗೆ ಬರುತ್ತೇನೆಂದು ಹೇಳಿಲ್ಲ, ಬರುವುದಿಲ್ಲವೆಂದೂ ಹೇಳಿಲ್ಲ. ಮೊನ್ನೆ ಮಾತ್ರ ವಿಚಾರಣೆಯ ದಿನ ಅಂಗಡಿಗೆ ರಜೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದರು.

ವಿಚಾರಣೆ ಮುಂದಿನ ತಿಂಗಳು ಹದಿನಾಲ್ಕಕ್ಕೆ. ಅಲ್ಲಿ ಏನಾಗಬೇಕೆಂದು ಆಸೆ ಎಂದು ಕೇಳಿದರೆ ಪ್ರೇಮಲತಾ ಮೈಕ್ರೋಸ್ಕೋಪಿನ ದೀಪ ಆರಿಸುತ್ತಾರೆ. ಹೊರಗೆ ಸ್ಕೂಲ್ ವ್ಯಾನುಗಳು ಶುರುವಾಗಿವೆ.

“ಹೆಸ್ರು ಕರೆದು, ‘ರಿಪೇರಿ ಮಾಡಿದ್ದು ಯಾರು’ ಅಂತ ಕೇಳ್ತಾರಂತೆ. ‘ನಾನು’ ಅನ್ಬೇಕು. ಹನ್ನೊಂದು ವರ್ಷದಲ್ಲಿ ಇನ್ನೊಬ್ರ ಎದ್ರಿಗೆ ನಿಂತು ಆ ಮಾತು ಹೇಳಿದ್ದು ಒಂದೇ ಸಲ, ಅದೂ ಗುಬ್ಬಿ ಜಗಲಿ ಮುಂದೆ. ಆವತ್ತು ನನ್ ಮಾತು ನಂಗೇ ಸರಿಯಾಗಿ ಕೇಳಿಸ್ಲಿಲ್ಲ. ಈ ಸಲ ಹಿಂದೆ ಕೂತಿರೋ ಹನುಮಂತಮ್ಮಂಗೆ ಕೇಳಿಸೋ ಹಂಗೆ ಹೇಳಿದ್ರೆ ಸಾಕು.”